ಊರುಗೋಲು ಹಿಡಿದು ದಡ ಹತ್ತಿದವರು

ಹತ್ತನೆಯ ತರಗತಿಯಲ್ಲಿ ಎರಡನೆಯ ಮಹಾಯುದ್ಧಕ್ಕೆ ಸಿಗುವುದು ಒಂದು ಅವಧಿ, ಹೆಚ್ಚೆಂದರೆ ಎರಡು. ಅದರೊಳಗೆ ನಾರ್ಮಂಡಿಗೆ ಸಿಗುವುದು ಒಂದೇ ಒಂದು ವಾಕ್ಯ: 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು. ಬೋಧನಾಭ್ಯಾಸದ ದಿನಗಳಲ್ಲಿ ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತು ಈ ಪಾಠವನ್ನು ನಾನು ಹಲವು ಸಲ ನೋಡಿದ್ದೇನೆ. ನಮ್ಮ ಪ್ರಶಿಕ್ಷಣಾರ್ಥಿಗಳು ಯೂರೋಪಿನ ಭೂಪಟ ತೂಗುಹಾಕುತ್ತಾರೆ, ಇಂಗ್ಲೆಂಡಿನಿಂದ ಫ್ರಾನ್ಸಿಗೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು ಬಾಣ ಎಳೆಯುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಬಾಣ ನೇರವಾಗಿರುತ್ತದೆ, ಅಂದವಾಗಿಯೂ ಇರುತ್ತದೆ. ಆದರೆ ಆ ಬಾಣದೊಳಗೆ ಸುಮಾರು 1,56,000 ಜನರಿದ್ದರು. ಅಂದು ಸಂಜೆಯ ಹೊತ್ತಿಗೆ ಅವರಲ್ಲಿ 4,400ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಹೆಸರು ಹೆಸರಾಗಿ ಹುಡುಕಿ ಎಣಿಸಿದ ಲೆಕ್ಕ ಇದು.

ಈ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಒಂದು ಅಂಕದ ಪ್ರಶ್ನೆಗೆ ಅದು ಸಾಕು. ಸತ್ತವರನ್ನು ನೆನೆಯಲು ಸಾಲದು. ಅದಕ್ಕೇ ಈ ಪಾಠಕ್ಕೆ ಜೀವನಚರಿತ್ರೆಯ ವಿಧಾನ ಹಿಡಿಯಿರಿ, ಒಬ್ಬ ಮನುಷ್ಯನ ಬದುಕಿನ ಮೂಲಕ ಆ ತೀರಕ್ಕೆ ಹೋಗಿ ಎಂದು ನಾನು ಹೇಳುತ್ತ ಬಂದಿದ್ದೇನೆ. ಯಾರ ಬದುಕು ಎಂದು ಕೇಳಿದವರಿಗೆ ಥಿಯೋಡರ್ ರೂಸ್ವೆಲ್ಟ್ ಜೂನಿಯರ್ ಎನ್ನುತ್ತೇನೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್ವೆಲ್ಟರ ಹಿರಿಯ ಮಗ ಇವರು. ಮನೆಯವರ ಬಾಯಲ್ಲಿ ಟೆಡ್. ಪಾಠಕ್ಕೆ ಬೇಕಾದಷ್ಟು, ಅದಕ್ಕಿಂತ ತುಸು ಹೆಚ್ಚೇ, ಇಲ್ಲಿ ಹೇಳುತ್ತೇನೆ. ತರಗತಿಯಲ್ಲಿ ಎಷ್ಟು ಉಳಿಸಿಕೊಳ್ಳಬೇಕು ಎನ್ನುವುದು ಪಾಠ ಮಾಡುವವರಿಗೆ ಬಿಟ್ಟದ್ದು.

ಟೆಡ್ ಹುಟ್ಟಿದ್ದು 1887ರ ಸೆಪ್ಟೆಂಬರ್ 13ರಂದು, ನ್ಯೂಯಾರ್ಕ್ ಸಮೀಪದ ಆಯ್ಸ್ಟರ್ ಬೇಯಲ್ಲಿ. ತಂದೆಯ ಹೆಸರನ್ನೇ ಮಗನಿಗೂ ಇಟ್ಟರು. ಹೆಸರಿನ ಜೊತೆಗೆ ನಿರೀಕ್ಷೆಗಳೂ ಬಂದವು. ತಂದೆ ಎಳವೆಯಲ್ಲಿ ಉಬ್ಬಸದ ರೋಗಿ. ಹಟ ಹಿಡಿದು ದೇಹ ಬೆಳೆಸಿಕೊಂಡ ಗಟ್ಟಿ ಆಸಾಮಿ. ಮಗನೂ ಹಾಗೆಯೇ ಆಗಬೇಕು, ಓದಿನಲ್ಲಿ, ಓಟದಲ್ಲಿ, ಈಜಿನಲ್ಲಿ, ಬಂದೂಕಿನಲ್ಲಿ ಯಾವುದರಲ್ಲೂ ಹಿಂದೆ ಬೀಳಬಾರದು ಎಂಬುದು ಅವರ ಹಂಬಲ. 1898ರಲ್ಲಿ, ಹುಡುಗನಿಗೆ ಹತ್ತು ವರ್ಷವಾಗಿದ್ದಾಗ, ಅವನಿಗೆ ತಾಳಲಾರದ ತಲೆನೋವು ಶುರುವಾಯಿತು, ನರಗಳು ಸೋತವು. ಮನೆಯ ವೈದ್ಯರು ಪರೀಕ್ಷಿಸಿ, ದೋಷ ಹುಡುಗನ ತಲೆಯಲ್ಲಿಲ್ಲ, ತಂದೆ ಹೇರುತ್ತಿರುವ ಒತ್ತಡದಲ್ಲಿದೆ ಎಂದು ಕಂಡುಕೊಂಡರು. ತಂದೆ ಅದನ್ನು ಒಪ್ಪಿಕೊಂಡರು. ಇನ್ನು ಮುಂದೆ ಮಗನನ್ನು ಹೀಗೆ ಹಿಂಡುವುದಿಲ್ಲ ಎಂದು ಬರೆದುಕೊಟ್ಟರು.

ಶಿಕ್ಷಣ ಮನೋವಿಜ್ಞಾನದ ತರಗತಿಗೂ ಈ ಪ್ರಸಂಗ ಒದಗುತ್ತದೆ. ಒಪ್ಪಿಕೊಂಡ ತಂದೆ ಅದೇ ವರ್ಷ ಕ್ಯೂಬಾದ ಯುದ್ಧಕ್ಕೆ ಹೋಗಿ ಗೆದ್ದು ಬಂದರು. ಎರಡು ವರ್ಷದಲ್ಲಿ ಉಪಾಧ್ಯಕ್ಷ ಹುದ್ದೆಗೆ ಆಯ್ಕೆಯಾದರು, 1901ರಲ್ಲಿ ದೇಶದ ಅಧ್ಯಕ್ಷರೇ ಆದರು. ಒತ್ತಡ ಹೇರುವುದನ್ನು ಬಿಟ್ಟರೂ ತಂದೆಯ ನೆರಳು ಹುಡುಗನನ್ನು ಬಿಡಬೇಕಲ್ಲ! ಟೆಡ್ ಗ್ರೋಟನ್ ಶಾಲೆಯಲ್ಲಿ, ಆಮೇಲೆ ಹಾರ್ವರ್ಡ್‌ನಲ್ಲಿ ಓದಿದರು. ಆಳು ತೆಳು, ಎತ್ತರ ಕಡಿಮೆ, ಕಣ್ಣು ಮಂದ. ಎಲ್ಲಿ ಹೋದರೂ ಅಧ್ಯಕ್ಷರ ಮಗ. ಓದು ಮುಗಿಸಿ ಕನೆಕ್ಟಿಕಟ್‌ನ ಒಂದು ಜಮಖಾನೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. 1910ರಲ್ಲಿ ಎಲಿನಾರ್ ಬಟ್ಲರ್ ಅಲೆಕ್ಸಾಂಡರ್ ಅವರನ್ನು ಮದುವೆಯಾದರು. ನಾಲ್ಕು ಮಕ್ಕಳಾದವು.

ಮೊದಲ ಮಹಾಯುದ್ಧಕ್ಕೆ ಅಮೆರಿಕ 1917ರಲ್ಲಿ ಇಳಿಯಿತು. ರೂಸ್ವೆಲ್ಟರ ನಾಲ್ಕು ಗಂಡುಮಕ್ಕಳೂ ಸೇನೆ ಸೇರಿದರು. ಕರ್ಮಿಟ್ ಬ್ರಿಟಿಷ್ ಸೇನೆಯ ಜೊತೆ ಮೆಸೊಪೊಟೇಮಿಯಾಕ್ಕೆ ಹೋದರು. (ಅದೇ ರಣರಂಗದಲ್ಲಿ ನಮ್ಮ ದೇಶದ ಸಾವಿರಾರು ಸೈನಿಕರೂ ಇದ್ದರು.) ಆರ್ಚಿ ಫ್ರಾನ್ಸಿನಲ್ಲಿ ಮಂಡಿಗೆ ತೀವ್ರ ಪೆಟ್ಟು ತಿಂದರು. ಟೆಡ್ ಒಂದನೆಯ ಡಿವಿಜನ್ನಿನ 26ನೆಯ ಪದಾತಿ ರೆಜಿಮೆಂಟಿನಲ್ಲಿ ಒಂದು ಬೆಟಾಲಿಯನ್ನಿನ ನಾಯಕರು. ವಿಷಾನಿಲ ಅವರ ಎದೆಗೆ ತಾಗಿತು. 1918ರ ಜುಲೈಯಲ್ಲಿ ಸ್ವಾಸೋನ್ ಬಳಿ ಕಾಲಿಗೆ ಗುಂಡು ಹೊಕ್ಕಿತು. ಆ ಕಾಲು ಮತ್ತೆಂದೂ ಪೂರ್ತಿ ಸರಿಹೋಗಲಿಲ್ಲ. ಮುಂದೆ ಬರುವ ಊರುಗೋಲಿನ ಕಥೆ ಶುರುವಾಗುವುದು ಇಲ್ಲಿಂದ.

ಅದಕ್ಕೆ ಕೆಲವೇ ದಿನ ಮುಂಚೆ, ಜುಲೈ 14ರಂದು, ಎಲ್ಲರಿಗಿಂತ ಕಿರಿಯನಾದ ಕ್ವೆಂಟಿನ್ ಹಾರಿಸುತ್ತಿದ್ದ ವಿಮಾನವನ್ನು ಜರ್ಮನರು ಹೊಡೆದುರುಳಿಸಿದರು. ಅವನಿಗೆ ಇಪ್ಪತ್ತು ವರ್ಷ. ಬಿದ್ದ ಜಾಗದಲ್ಲೇ ಜರ್ಮನರು ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ಯುದ್ಧ ಮುಗಿದ ಮೇಲೂ ಮನೆಯವರು ಮಗನ ದೇಹವನ್ನು ಅಮೆರಿಕಕ್ಕೆ ತರಿಸಲಿಲ್ಲ. ಬಿದ್ದಲ್ಲೇ ಇರಲಿ ಎಂದರು. ಮಕ್ಕಳನ್ನು ಯುದ್ಧಕ್ಕೆ ಹುರಿದುಂಬಿಸಿ ಕಳಿಸಿದ್ದ ತಂದೆ ಆಮೇಲೆ ಆರು ತಿಂಗಳೂ ಬದುಕಲಿಲ್ಲ. 1919ರ ಜನವರಿ 6ರಂದು ನಿದ್ದೆಯಲ್ಲೇ ಹೋದರು.

ನಾರ್ಮಂಡಿಯ ಪಾಠಕ್ಕೆ ಮೊದಲ ಯುದ್ಧ ಯಾಕೆ ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದ್ದರು. ಮೂವತ್ತು ವರ್ಷದ ಟೆಡ್‌ಗೆ ಆ ಹೊತ್ತಿಗೆ ತಮ್ಮನೊಬ್ಬನನ್ನು ಕಳೆದುಕೊಳ್ಳುವುದೆಂದರೆ ಏನು ಎಂದು ಗೊತ್ತಾಗಿತ್ತು. 1944ರಲ್ಲಿ ಅವರ ಪಕ್ಕ ದೋಣಿಯಲ್ಲಿ ಕುಳಿತ ಹುಡುಗರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದೂ ಹೋದವರಿಗೂ ಗೊತ್ತಿಲ್ಲದೆ ಹೋದವರಿಗೂ ವ್ಯತ್ಯಾಸವಿದೆ.

ನಡುವಿನ ಇಪ್ಪತ್ತು ವರ್ಷಗಳನ್ನು ತರಗತಿಯಲ್ಲಿ ಬೇಗ ದಾಟಬಹುದು. ಯುದ್ಧದಿಂದ ಮರಳಿದ ಸೈನಿಕರಿಗಾಗಿ ಅಮೆರಿಕನ್ ಲೀಜನ್ ಎಂಬ ಸಂಘ ಹುಟ್ಟಲು ಮುಖ್ಯ ಕಾರಣರಾದವರಲ್ಲಿ ಟೆಡ್ ಒಬ್ಬರು. 1919ರಲ್ಲಿ ಅದರ ಮುಖ್ಯಸ್ಥರಾಗಿ ಎಂದು ಜನ ಕೂಗಿದರೂ ಒಲ್ಲೆ ಎಂದರು. ನೌಕಾಪಡೆ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದರು. 1924ರಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಹುದ್ದೆಗೆ ನಿಂತು ಸೋತರು. ಅವರ ವಿರುದ್ಧ ಊರೂರು ಸುತ್ತಿ ಪ್ರಚಾರ ಮಾಡಿದವರಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟರ ಹೆಂಡತಿ ಎಲಿನಾರ್ ಒಬ್ಬರು. ಆಕೆ ಟೆಡ್‌ಗೆ ಸ್ವಂತ ಚಿಕ್ಕಪ್ಪನ ಮಗಳು! ದಾಯಾದಿ ಕಲಹ ನಮ್ಮ ಕುರುಕ್ಷೇತ್ರಕ್ಕೆ ಮಾತ್ರ ಮೀಸಲಲ್ಲ ಎಂದರೆ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. 1925ರಲ್ಲಿ ತಮ್ಮ ಕರ್ಮಿಟ್ ಜೊತೆ ಕಾಶ್ಮೀರ, ಲಡಾಖ್ ಹಾದು ಕಾರಕೋರಂ ಕಣಿವೆ ದಾಟಿ ಮಧ್ಯ ಏಷ್ಯಾಕ್ಕೆ ಬೇಟೆಯ ಪ್ರವಾಸ ಮಾಡಿದರು. 1929ರಿಂದ ಪೋರ್ಟೊರಿಕೊದ ಗವರ್ನರ್. ಅಲ್ಲಿಯ ಜನರ ಸ್ಪ್ಯಾನಿಷ್ ನುಡಿಯನ್ನು ದಿನವೂ ಕೂತು ಕಲಿತರು. ಹಸಿದ ಶಾಲಾಮಕ್ಕಳಿಗಾಗಿ ಅಮೆರಿಕದಲ್ಲಿ ಹಣ ಎತ್ತಿದರು. ಆಮೇಲೆ ಸ್ವಲ್ಪ ಕಾಲ ಫಿಲಿಪ್ಪೀನ್ಸ್‌ನಲ್ಲಿ ಗವರ್ನರ್ ಜನರಲ್. ಫ್ರಾಂಕ್ಲಿನ್ ಅಧ್ಯಕ್ಷರಾದ ಮೇಲೆ ಆ ಹುದ್ದೆಯೂ ಹೋಯಿತು. ಪುಸ್ತಕ ಪ್ರಕಾಶನದ ಕೆಲಸ ಹಿಡಿದರು. ಐವತ್ತು ದಾಟಿತು. ಸಂಧಿವಾತ ಕೈಕಾಲು ಹಿಡಿಯಿತು. ತಂದೆಯ ಎತ್ತರಕ್ಕೆ ಏರದ ಮಗ ಎಂದು ಪತ್ರಿಕೆಗಳು ಮುಗಿಸಿಬಿಡಬಹುದಾಗಿದ್ದ ಬದುಕು ಅದು.

1941ರಲ್ಲಿ ಮತ್ತೆ ಸೇನೆಗೆ ಹೋದರು. ತಮ್ಮ ಹಳೆಯ 26ನೆಯ ರೆಜಿಮೆಂಟೇ ಸಿಕ್ಕಿತು. ಬ್ರಿಗೇಡಿಯರ್ ಜನರಲ್ ಆಗಿ ಒಂದನೆಯ ಡಿವಿಜನ್ನಿನ ಎರಡನೆಯ ಸ್ಥಾನದಲ್ಲಿ ನಿಂತು 1942ರ ನವೆಂಬರಿನಲ್ಲಿ ಅಲ್ಜೀರಿಯಾದ ಓರಾನ್ ಬಳಿ, 1943ರ ಜುಲೈಯಲ್ಲಿ ಸಿಸಿಲಿಯಲ್ಲಿ ಕಡಲಿಂದ ದಡಕ್ಕೆ ಇಳಿದರು. ಸೈನಿಕರಿಗೆ ಅವರೆಂದರೆ ಪ್ರೀತಿ. ಸುಕ್ಕುಗಟ್ಟಿದ ಬಟ್ಟೆ, ತಲೆಯ ಮೇಲೆ ಉಣ್ಣೆಯ ಟೋಪಿ, ಬಾಯಲ್ಲಿ ತಮಾಷೆ, ಮುಂಚೂಣಿಯ ಗುಂಡಿಗಳಲ್ಲೇ ಓಡಾಟ. ಮೇಲಿನವರಿಗೆ ಅದೇ ಹಿಡಿಸಲಿಲ್ಲ. ಪ್ಯಾಟನ್‌ಗೆ ಆ ಉಡುಪು ಸರಿಬೀಳಲಿಲ್ಲ. ಬ್ರಾಡ್ಲಿಗೆ ಡಿವಿಜನ್ನಿನ ಶಿಸ್ತು ಸಡಿಲಗೊಂಡಿದೆ ಎನಿಸಿತು. ಆ ಆಗಸ್ಟಿನಲ್ಲಿ ಡಿವಿಜನ್ನಿನ ಮುಖ್ಯಸ್ಥ ಟೆರಿ ಅಲೆನ್ ಮತ್ತು ಟೆಡ್ ಇಬ್ಬರನ್ನೂ ಒಟ್ಟಿಗೆ ತೆಗೆದುಹಾಕಿದರು.

ಶಿಸ್ತು ಎಷ್ಟು, ಸಲಿಗೆ ಎಷ್ಟು ಎನ್ನುವುದು ಮೊದಲ ಸಲ ತರಗತಿಗೆ ಕಾಲಿಡುವ ಪ್ರತಿಯೊಬ್ಬರ ಸಂಕಟ. ಈ ಪ್ರಸಂಗವನ್ನು ಓದಿ ಸಲಿಗೆಯೇ ಗೆದ್ದಿತೆಂದು ತೀರ್ಮಾನಿಸುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬ್ರಾಡ್ಲಿಯ ಆಕ್ಷೇಪದಲ್ಲೂ ಹುರುಳಿತ್ತು. ಒಂದು ಪಡೆಯನ್ನು ಅತಿಯಾಗಿ ಮುದ್ದಿಸಿದರೆ ಅದು ಉಳಿದ ಸೇನೆಯಿಂದ ಬೇರೆಯಾಗುತ್ತದೆ.

ಆ ವರ್ಷ ಟೆಡ್‌ಗೆ ಇನ್ನೂ ದೊಡ್ಡ ಪೆಟ್ಟು ಬಿದ್ದಿತ್ತು. ಅಲಾಸ್ಕದಲ್ಲಿ ಸೇವೆಯಲ್ಲಿದ್ದ ತಮ್ಮ ಕರ್ಮಿಟ್ ಜೂನ್‌ನಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಿದ್ದರು. ಇದನ್ನು ಮಕ್ಕಳ ಮುಂದೆ ಹೇಳಬೇಕಿಲ್ಲ. ಪಾಠ ಮಾಡುವವರಿಗೆ ತಿಳಿದಿರಲಿ. ಯುದ್ಧ ಕೊಲ್ಲುವುದು ಗುಂಡಿನಿಂದ ಮಾತ್ರವಲ್ಲ.

1944ರ ಆರಂಭದಲ್ಲಿ ಅವರನ್ನು ಇಂಗ್ಲೆಂಡಿಗೆ ಕರೆಸಿಕೊಂಡರು. ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ ಎದ್ದರು. ನಾಲ್ಕನೆಯ ಪದಾತಿ ಡಿವಿಜನ್ನಿಗೆ ಹಾಕಿದರು. ಈ ಡಿವಿಜನ್ ಇನ್ನೂ ಒಮ್ಮೆಯೂ ಯುದ್ಧ ಕಂಡಿರಲಿಲ್ಲ. ಅದರ ಹುಡುಗರಲ್ಲಿ ಬಹಳ ಮಂದಿ ಹತ್ತೊಂಬತ್ತು, ಇಪ್ಪತ್ತರವರು. ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ನಾಲ್ಕೈದು ವರ್ಷ ಸೇರಿಸಿ. ನಮ್ಮ ಪ್ರಶಿಕ್ಷಣಾರ್ಥಿಗಳಿಂದ ಎರಡು ಮೂರು ವರ್ಷ ಕಳೆಯಿರಿ. ಈ ಲೆಕ್ಕವನ್ನು ತರಗತಿಯಲ್ಲಿ ಮಕ್ಕಳಿಂದಲೇ ಮಾಡಿಸುವುದು ಒಳ್ಳೆಯದು.

ಆ ಹುಡುಗರಿಗೆ ಇಂಗ್ಲೆಂಡಿನ ತೆಂಕಣ ತೀರದಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯಿತು. ಸ್ಲ್ಯಾಪ್ಟನ್ ಎಂಬಲ್ಲಿಯ ಮರಳದಂಡೆ ಅವರು ಇಳಿಯಬೇಕಿದ್ದ ಫ್ರಾನ್ಸಿನ ತೀರವನ್ನೇ ಹೋಲುತ್ತಿತ್ತು. ಏಪ್ರಿಲ್ 28ರ ನಸುಕಿನಲ್ಲಿ ಒಂದು ತಾಲೀಮಿಗೆಂದು ಸೈನಿಕರನ್ನು, ವಾಹನಗಳನ್ನು ತುಂಬಿಕೊಂಡು ಬರುತ್ತಿದ್ದ ಹಡಗುಗಳ ಸಾಲಿನ ಮೇಲೆ ಜರ್ಮನರ ವೇಗದ ದೋಣಿಗಳು ಕತ್ತಲಲ್ಲಿ ಎರಗಿದವು. ಎರಡು ಹಡಗು ಮುಳುಗಿದವು, ಒಂದು ನಜ್ಜುಗುಜ್ಜಾಯಿತು. 700ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಎಷ್ಟೋ ಜನ ಬೆಂಕಿಯಿಂದಾಗಲಿ ಗುಂಡಿನಿಂದಾಗಲಿ ಸತ್ತವರಲ್ಲ. ಜೀವರಕ್ಷಕ ಪಟ್ಟಿಯನ್ನು ಕಂಕುಳ ಕೆಳಗೆ ಕಟ್ಟಿಕೊಳ್ಳಬೇಕೆಂದು ಅವರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ, ಸೊಂಟಕ್ಕೆ ಕಟ್ಟಿಕೊಂಡಿದ್ದರು. ನೀರಿಗೆ ಬಿದ್ದಾಗ ಬೆನ್ನ ಮೇಲಿನ ಹೊರೆ ಅವರನ್ನು ತಲೆಕೆಳಗು ಮಾಡಿತು. ಬದುಕಿಸಬೇಕಾದ ಪಟ್ಟಿಯೇ ಮುಳುಗಿಸಿತು. ದಂಡಯಾತ್ರೆಯ ಗುಟ್ಟು ಬಯಲಾದೀತೆಂದು ಸುದ್ದಿಯನ್ನು ಮುಚ್ಚಿಟ್ಟರು.

ಕಲಿಸುವ ಕಸುಬಿನವರಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸಿಕೊಡಲು ಐದು ನಿಮಿಷದ ಪ್ರಾತ್ಯಕ್ಷಿಕೆ ಸಾಕಿತ್ತು. ಮೇ ತಿಂಗಳಲ್ಲಿ ಉಳಿದವರಿಗೆ ಅದನ್ನು ಹೇಳಿಕೊಟ್ಟರು.

ಇಂಥ ಹುಡುಗರ ಜೊತೆ ಮೊದಲ ಅಲೆಯಲ್ಲೇ ಹೋಗುತ್ತೇನೆ ಎಂದು ಟೆಡ್ ತಮ್ಮ ಮೇಲಧಿಕಾರಿ ಮೇಜರ್ ಜನರಲ್ ಬಾರ್ಟನ್ ಅವರನ್ನು ಬಾಯಿಮಾತಿನಲ್ಲಿ ಕೇಳಿದರು. ಆಗದು ಎಂಬ ಉತ್ತರ ಬಂತು. ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಮೇ 26ರಂದು ಅರ್ಜಿಯನ್ನೇ ಬರೆದರು. ಅವರ ವಾದ ಸರಳವಾಗಿತ್ತು. ಮೊದಲು ಇಳಿಯುವ ತುಕಡಿಗಳ ಅಧಿಕಾರಿಗಳೂ ಸೈನಿಕರೂ ತನಗೆ ಮುಖಪರಿಚಯವಿರುವವರು; ತನ್ನಂಥ ಹಿರಿಯನೊಬ್ಬ ಪಕ್ಕದಲ್ಲಿದ್ದಾನೆಂದು ಕಂಡರೆ ಅವರ ಎದೆ ಗಟ್ಟಿಯಾಗುತ್ತದೆ; ಮೊದಲ ಗಂಟೆಯಲ್ಲಿ ಏನು ನಡೆಯುತ್ತದೋ ಅದೇ ಮುಂದಿನದನ್ನೆಲ್ಲ ನಿರ್ಧರಿಸುತ್ತದೆ. ಬಾರ್ಟನ್ ಒಲ್ಲದ ಮನಸ್ಸಿನಿಂದ ಸಹಿ ಹಾಕಿದರು. ಈ ಮನುಷ್ಯನನ್ನು ಮತ್ತೆ ಜೀವಂತವಾಗಿ ಕಾಣುವುದಿಲ್ಲವೆಂದೇ ಅವರು ಎಣಿಸಿದ್ದರು. ಟೆಡ್‌ಗೆ ಆಗ 56 ವರ್ಷ. ಹೃದಯ ಕೆಟ್ಟಿತ್ತು. ಅದನ್ನು ಸೇನೆಯ ವೈದ್ಯರಿಗೂ ಹೇಳಿರಲಿಲ್ಲ, ಹೆಂಡತಿಗೂ ತಿಳಿಸಿರಲಿಲ್ಲ. ಹಡಗು ಹತ್ತುವ ಮುಂಚೆ ಹೆಂಡತಿಗೆ ಪತ್ರ ಬರೆದರು.

ಜೂನ್ 6ರ ಬೆಳಗ್ಗೆ ಆರೂವರೆ. ನಾರ್ಮಂಡಿಯ ಪಶ್ಚಿಮ ತುದಿಯಲ್ಲಿ ಯೂಟಾ ಎಂದು ಗುಪ್ತನಾಮವಿಟ್ಟಿದ್ದ ಮರಳದಂಡೆ. ಮೊದಲ ಅಲೆಯಲ್ಲಿ ಇಪ್ಪತ್ತು ದೋಣಿ, ಒಂದೊಂದರಲ್ಲಿ ಮೂವತ್ತು ಸೈನಿಕರು. ಅದರಲ್ಲಿದ್ದ ಏಕೈಕ ಜನರಲ್ ಟೆಡ್. ವಯಸ್ಸಿನಲ್ಲೂ ಎಲ್ಲರಿಗಿಂತ ಹಿರಿಯರು. ಸೊಂಟಮಟ್ಟದ ತಣ್ಣೀರಿನಲ್ಲಿ, ಬೆನ್ನ ಮೇಲೆ ಹೊರೆ ಹೊತ್ತು, ನೂರು ಗಜಕ್ಕೂ ಹೆಚ್ಚು ದೂರ ನಡೆದು ದಡ ಮುಟ್ಟಬೇಕಿತ್ತು. ಟೆಡ್ ಒಂದು ಕೈಯಲ್ಲಿ ಊರುಗೋಲು ಹಿಡಿದಿದ್ದರು, ಸೊಂಟದಲ್ಲೊಂದು ಪಿಸ್ತೂಲು.

ದಡಕ್ಕೆ ಬಂದು ನೋಡಿದರೆ ಬಂದ ಜಾಗವೇ ಬೇರೆ. ದಾರಿ ತೋರಬೇಕಿದ್ದ ನಾವೆಗಳಲ್ಲೊಂದು ಮುಳುಗಿತ್ತು, ಹೊಗೆಯಲ್ಲಿ ಗುರುತುಗಳು ಕಂಡಿರಲಿಲ್ಲ, ನೀರಿನ ಸೆಳೆತ ದೋಣಿಗಳನ್ನು ದಕ್ಷಿಣಕ್ಕೆ ಎಳೆದಿತ್ತು. ಇಳಿಯಬೇಕಾದ ಸ್ಥಳದಿಂದ ಸುಮಾರು 2,000 ಗಜ ಆಚೆಗೆ ಬಂದಿದ್ದರು. ಕೈಯಲ್ಲಿದ್ದ ನಕ್ಷೆ, ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದ ಗುರುತುಗಳು ಒಂದೂ ತಾಳೆಯಾಗುತ್ತಿರಲಿಲ್ಲ. ಹಿಂದೆ ಕಡಲಲ್ಲಿ ಮುಂದಿನ ಅಲೆಗಳು ಸಾಲುಗಟ್ಟಿ ಬರುತ್ತಿದ್ದವು.

ಮುಂದಿದ್ದದ್ದೂ ಸುಲಭವಲ್ಲ. ದಂಡೆಯ ಹಿಂದಿನ ತಗ್ಗು ಹೊಲಗಳಿಗೆ ಜರ್ಮನರು ನೀರು ನುಗ್ಗಿಸಿದ್ದರು. ಆ ನೀರಿನ ನಡುವೆ ಒಳನಾಡಿಗೆ ಹೋಗಲು ಇದ್ದವು ಕೆಲವೇ ಏರಿಯ ದಾರಿಗಳು. ನಮ್ಮ ಕೆರೆ ಏರಿಯ ಮೇಲಿನ ಗಾಡಿದಾರಿಯನ್ನು ನೆನೆಸಿಕೊಳ್ಳಿ: ಅಕ್ಕಪಕ್ಕ ನೀರು, ನಡುವೆ ಒಂದೇ ಬಂಡಿ ಹೋಗುವಷ್ಟು ಜಾಗ. ಆ ದಾರಿಗಳ ಆಚೆ ತುದಿಯಲ್ಲಿ ಹಿಂದಿನ ರಾತ್ರಿ ವಿಮಾನಗಳಿಂದ ಧುಮುಕಿದ ಪ್ಯಾರಾಚೂಟ್ ಪಡೆಗಳಿದ್ದವು. ಕಡಲ ಕಡೆಯಿಂದ ಬೇಗ ಹೋಗಿ ಸೇರದಿದ್ದರೆ ಅವರು ಅಲ್ಲೇ ಸಾಯುತ್ತಿದ್ದರು.

ಟೆಡ್ ಕುಂಟುತ್ತ ದಿಬ್ಬ ಹತ್ತಿ, ಮುಂದೆ ಹೋಗಿ, ಏರಿದಾರಿಗಳು ಎಲ್ಲಿವೆಯೆಂದು ತಾವೇ ನೋಡಿಕೊಂಡು ಬಂದರು. ಇಬ್ಬರು ಬೆಟಾಲಿಯನ್ ಅಧಿಕಾರಿಗಳೊಡನೆ ನಿಂತಲ್ಲೇ ಮಾತಾಡಿದರು. ಎರಡು ದಾರಿಯಿತ್ತು. ಗೊತ್ತುಮಾಡಿದ್ದ ಜಾಗಕ್ಕೆ ಎಲ್ಲರನ್ನೂ ಸಾಗಿಸಿ ಯೋಜನೆಯಂತೆ ಹೊರಡುವುದು ಒಂದು. ಬಂದಿಳಿದ ಜಾಗದಿಂದಲೇ ಯುದ್ಧ ಶುರುಮಾಡುವುದು ಇನ್ನೊಂದು. ಎರಡನೆಯದನ್ನೇ ಆರಿಸಿದರು. ಮುಂದಿನ ಅಲೆಗಳೂ ಅಲ್ಲಿಗೇ ಬರಲೆಂದು ಸಂದೇಶ ಹೋಯಿತು. ತಪ್ಪಿ ಬಂದ ಆ ಜಾಗದಲ್ಲಿ ಶತ್ರುವಿನ ಕಾವಲು ಕಡಿಮೆಯಿತ್ತು. ಗೊತ್ತುಮಾಡಿದ್ದ ಜಾಗದಲ್ಲಿ ಹೆಚ್ಚಿತ್ತು. ಇದು ಆಮೇಲೆ ತಿಳಿದದ್ದು. ಟೆಡ್‌ಗೆ ಗೊತ್ತಿದ್ದದ್ದು, ಮರಳಿನ ಮೇಲೆ ನಿಂತು ಯೋಚಿಸುತ್ತ ಕೂತರೆ ಹುಡುಗರು ಸಾಯುತ್ತಾರೆ ಎಂಬುದಷ್ಟೆ.

1962ರಲ್ಲಿ ಬಂದ ‘ದಿ ಲಾಂಗೆಸ್ಟ್ ಡೇ’ ಚಿತ್ರದಲ್ಲಿ ಹೆನ್ರಿ ಫೋಂಡಾ ಟೆಡ್ ಪಾತ್ರ ಮಾಡಿದ್ದಾರೆ. ಅದನ್ನು ನೋಡಿ ಬಂದವರು ಈ ನಿರ್ಧಾರವನ್ನೇ ಇಡೀ ಪಾಠ ಮಾಡಿಬಿಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಆಮೇಲೆ ಮಾಡಿದ ಕೆಲಸ. ಅವರು ಮತ್ತೆ ನೀರಿನ ಅಂಚಿಗೆ ಬಂದರು. ಪ್ರತಿ ಅಲೆ ಬಂದಾಗಲೂ ದಡದಲ್ಲಿ ನಿಂತು ಎದುರುಗೊಂಡರು. ಶೆಲ್ಲುಗಳು ಬಿದ್ದು ಮರಳು ಚಿಮ್ಮುತ್ತಿತ್ತು. ದಾರಿ ಬದಲಾಗಿದೆ ಎಂದು ಹೇಳಿ, ತುಕಡಿ ತುಕಡಿಯನ್ನೂ ದಿಬ್ಬದವರೆಗೆ ಕರೆದುಕೊಂಡು ಹೋಗಿ ಬಿಟ್ಟು, ಮತ್ತೆ ನೀರಿನ ಬಳಿಗೆ ಬಂದು ಮುಂದಿನವರಿಗಾಗಿ ನಿಂತರು. ತಮ್ಮ ತಂದೆಯ ಕಥೆ ಹೇಳಿ ನಗಿಸಿದರು, ಪದ್ಯ ಹೇಳಿದರು. ಗಾಡಿಗಳು ಸಿಕ್ಕಿಬಿದ್ದಲ್ಲಿ ಕೋಲು ಬೀಸಿ ದಾರಿ ಬಿಡಿಸಿದರು. ಭಯದಿಂದ ಬಾಯಾರಿದ ಹುಡುಗರು ದೋಣಿಯಿಂದ ಇಳಿದಾಗ ಮೊದಲು ಕಂಡದ್ದು ಉಣ್ಣೆಟೋಪಿಯ, ಊರುಗೋಲಿನ, ಅಜ್ಜನಂಥ ಒಬ್ಬ ಮನುಷ್ಯನನ್ನು.

ಸಂಜೆಯ ಹೊತ್ತಿಗೆ 20,000ಕ್ಕೂ ಹೆಚ್ಚು ಜನ ಯೂಟಾದಲ್ಲಿ ಇಳಿದಿದ್ದರು. ನಾಲ್ಕನೆಯ ಡಿವಿಜನ್ ಆ ದಿನ ಕಳೆದುಕೊಂಡದ್ದು, ಸತ್ತವರು ಗಾಯಗೊಂಡವರು ಎಲ್ಲ ಸೇರಿ, 197 ಮಂದಿಯನ್ನು. ಏಪ್ರಿಲಿನ ತಾಲೀಮಿನಲ್ಲಿ ಸತ್ತವರ ಸಂಖ್ಯೆಯ ಪಕ್ಕದಲ್ಲಿ ಇದನ್ನು ಬರೆದು ನೋಡಿ. ಹಲಗೆಯ ಮೇಲೆ ಅಂಕಿ ಬರೆಯಲೇಬೇಕಾದರೆ ಈ ಎರಡನ್ನು ಅಕ್ಕಪಕ್ಕ ಬರೆಯಿರಿ, ಸುಮ್ಮನೆ ನಿಲ್ಲಿ. ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಆದರೆ ಯೂಟಾ ಇಡೀ ನಾರ್ಮಂಡಿಯಲ್ಲ. ಪೂರ್ವಕ್ಕಿದ್ದ ಒಮಾಹಾ ತೀರದಲ್ಲಿ ಅದೇ ಬೆಳಗ್ಗೆ ಎತ್ತರದ ಗುಡ್ಡಗಳಿಂದ ಸುರಿದ ಗುಂಡಿಗೆ ಸೈನಿಕರು ನೀರಿನಲ್ಲೇ ಉರುಳಿದರು. ಅಲ್ಲಿ ಇಳಿದವರಲ್ಲಿ ಟೆಡ್ ಅವರ ಕಿರಿಮಗ ಕ್ಯಾಪ್ಟನ್ ಕ್ವೆಂಟಿನ್ ಇದ್ದರು. ಸತ್ತ ಚಿಕ್ಕಪ್ಪನ ಹೆಸರನ್ನೇ ಅವರಿಗೆ ಇಟ್ಟಿದ್ದರು. ಆ ದಿನ ಕಡಲಿಂದ ಇಳಿದ ಸೇನೆಯಲ್ಲಿ ತಂದೆ ಮಗ ಇಬ್ಬರೂ ಇದ್ದದ್ದು ಇವರ ಮನೆಯಿಂದ. ಅಲ್ಲಿಯ ಸುದ್ದಿ ಇಲ್ಲಿಗೆ ಮುಟ್ಟುವವರೆಗೆ ತಂದೆಗೆ ಮಗ ಇದ್ದಾನೋ ಇಲ್ಲವೋ ತಿಳಿದಿರಲಿಲ್ಲ. ಇಷ್ಟನ್ನು ಹೇಳಿದಾಗ ತರಗತಿ ನಿಶ್ಶಬ್ದವಾಗುವುದನ್ನು ನಾನು ಕಂಡಿದ್ದೇನೆ. ಮಗ ಬದುಕಿದ್ದರು.

ಆಗ ನಮ್ಮವರು ಎಲ್ಲಿದ್ದರು ಎಂದು ಮಕ್ಕಳು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಅದೇ ಜೂನ್‌ನಲ್ಲಿ ಭಾರತೀಯ ಸೈನಿಕರು ಇಟಲಿಯ ಬೆಟ್ಟಗಳಲ್ಲಿ ಜರ್ಮನರ ಮೇಲೆ, ಇಂಫಾಲ-ಕೊಹಿಮಾದಲ್ಲಿ ಜಪಾನಿಗಳ ಮೇಲೆ ಹೋರಾಡುತ್ತಿದ್ದರು. ಆ ಎರಡು ಊರುಗಳ ನಡುವಣ ರಸ್ತೆ ತೆರೆದದ್ದು ಜೂನ್ 22ರಂದು. ಭಾರತದ ಭೂಪಟವನ್ನೂ ಅಂದು ತರಗತಿಗೆ ಒಯ್ಯಿರಿ.

ಟೆಡ್ ಮುಂದೆ ಬದುಕಿದ್ದು 36 ದಿನ. ಶೆರ್ಬೂರ್ಗ್ ಬಂದರು ಕೈಸೇರಿದಾಗ ಅದರ ಸೇನಾಡಳಿತಗಾರರಾಗಿದ್ದರು. ಜರ್ಮನರಿಂದ ವಶಪಡಿಸಿಕೊಂಡ ಒಂದು ಲಾರಿಯಲ್ಲೇ ಮಲಗುತ್ತಿದ್ದರು. ಜುಲೈ 12ರಂದು ಮೆಯೋತಿ ಎಂಬ ಹಳ್ಳಿಯ ಬಳಿ ಮಗ ಕ್ವೆಂಟಿನ್ ಬಂದು ಭೇಟಿಯಾದರು. ಇಬ್ಬರೂ ಕುಳಿತು ಬಹಳ ಹೊತ್ತು ಮಾತಾಡಿದರು. ಅದೇ ರಾತ್ರಿ ಹೃದಯಾಘಾತವಾಯಿತು. ನಡುರಾತ್ರಿಯ ಹೊತ್ತಿಗೆ ಪ್ರಾಣ ಹೋಯಿತು. ಒಂದು ಡಿವಿಜನ್ನಿನ ಪೂರ್ಣ ಹೊಣೆ ಅವರಿಗೆ ಕೊಡುವುದೆಂದು ಮೇಲೆ ತೀರ್ಮಾನವಾಗಿತ್ತು. ಆ ಸುದ್ದಿ ಅವರನ್ನು ಮುಟ್ಟಲಿಲ್ಲ.

ಜುಲೈ 14ರಂದು ಸೇಂತ್-ಮೇರ್-ಎಗ್ಲೀಸ್‌ನಲ್ಲಿ ಮಣ್ಣು ಮಾಡಿದರು. ತಮ್ಮ ಕ್ವೆಂಟಿನ್ ಆಕಾಶದಿಂದ ಬಿದ್ದು 26 ವರ್ಷ ತುಂಬಿದ ದಿನ ಅದು. ಶವದ ಜೊತೆ ನಡೆದ ಜನರಲ್‌ಗಳಲ್ಲಿ ಬ್ರಾಡ್ಲಿ, ಪ್ಯಾಟನ್ ಇಬ್ಬರೂ ಇದ್ದರು. ಹನ್ನೊಂದು ತಿಂಗಳ ಹಿಂದೆ ಅವರನ್ನು ಬೇಡವೆಂದವರು. ತಾನು ಕಂಡ ಅತ್ಯಂತ ಧೀರ ಕೆಲಸ ಯಾವುದೆಂದು ಬಹಳ ವರ್ಷದ ಮೇಲೆ ಕೇಳಿದಾಗ ಬ್ರಾಡ್ಲಿ ಯೂಟಾ ತೀರದ ಟೆಡ್ ಹೆಸರನ್ನೇ ಹೇಳಿದರು. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಅತ್ಯುನ್ನತ ಸೇನಾ ಪದಕ ಹೆಂಡತಿ ಎಲಿನಾರ್ ಅವರ ಕೈಸೇರಿತು.

ಇಲ್ಲಿಗೆ ಪಾಠ ನಿಂತರೆ ಅದು ಜನರಲ್ ಒಬ್ಬರ ಗುಣಗಾನವಾಗುತ್ತದೆ. ಯುದ್ಧದ ಪಾಠದಲ್ಲಿ ನಾನು ಹೆದರುವುದು ಇದಕ್ಕೇ. ಟೆಡ್ ಹೃದಯ ನಿಂತು ಹಾಸಿಗೆಯಲ್ಲಿ ಸತ್ತರು. ಐವತ್ತಾರು ವರ್ಷ ಬದುಕಿ, ಹೆಂಡತಿ ಮಕ್ಕಳನ್ನು, ಮೊಮ್ಮಕ್ಕಳನ್ನು ಕಂಡು ಹೋದರು. ದಡದಲ್ಲಿ ಅವರನ್ನು ದಾಟಿ ಏರಿದಾರಿ ಹಿಡಿದ ಹುಡುಗರಲ್ಲಿ ಎಷ್ಟೋ ಮಂದಿ ಆ ಬೇಸಿಗೆ ಮುಗಿಯುವುದರೊಳಗೆ ನಾರ್ಮಂಡಿಯ ಪೊದೆಬೇಲಿಗಳ ನಡುವೆ ಸತ್ತರು. ಅವರಿಗೆ ಜೀವನಚರಿತ್ರೆಯಿಲ್ಲ, ಯಾಕೆಂದರೆ ಜೀವನವೇ ಇನ್ನೂ ಶುರುವಾಗಿರಲಿಲ್ಲ. ಟೆಡ್ ಅವರ ಕಥೆಯನ್ನು ನಾನು ಆರಿಸಿಕೊಳ್ಳುವುದು ಅದು ಮಕ್ಕಳನ್ನು ಅವರ ಸಮಾಧಿಯವರೆಗೆ ಕರೆದೊಯ್ಯುತ್ತದೆ ಎಂಬುದಕ್ಕೆ. ಅಲ್ಲಿಗೆ ಹೋದ ಮೇಲೆ ಅಕ್ಕಪಕ್ಕ ನೋಡಬಹುದು.

ಆ ಸಮಾಧಿ ಈಗ ಇರುವುದು ಒಮಾಹಾ ತೀರದ ಮೇಲಿನ ದಿಬ್ಬದಲ್ಲಿ, ಕೋಲ್‌ವಿಲ್‌-ಸ್ಯೂರ್‌-ಮೇರ್‌ನ ಅಮೆರಿಕನ್ ಸ್ಮಶಾನದಲ್ಲಿ. ಯುದ್ಧ ಮುಗಿದ ಮೇಲೆ ಅಲ್ಲಿಗೆ ತಂದರು. ಅಲ್ಲಿ 9,300ಕ್ಕೂ ಹೆಚ್ಚು ಸಮಾಧಿಗಳಿವೆ. ಎಲ್ಲಕ್ಕೂ ಒಂದೇ ಬಿಳಿಯ ಅಮೃತಶಿಲೆ. ಕ್ರೈಸ್ತರಿಗೆ ಶಿಲುಬೆ, ಯೆಹೂದ್ಯರಿಗೆ ಆರು ಮೂಲೆಯ ನಕ್ಷತ್ರ. ಜನರಲ್‌ಗೆ ಬೇರೆ ಸಾಲಿಲ್ಲ, ಸಾಮಾನ್ಯ ಸೈನಿಕನಿಗೆ ಬೇರೆ ಸಾಲಿಲ್ಲ. ಟೆಡ್ ಕಲ್ಲಿಗಿರುವ ವ್ಯತ್ಯಾಸವೆಂದರೆ, ಆ ಪದಕ ಪಡೆದವರ ಕಲ್ಲಿನಂತೆ, ಅಕ್ಷರಗಳಿಗೆ ಚಿನ್ನದ ಬಣ್ಣ. 307 ಕಲ್ಲುಗಳ ಮೇಲೆ ಹೆಸರೇ ಇಲ್ಲ. ಅದರ ಕೆಳಗೆ ಮಲಗಿದವರು ಯಾರೆಂದು ಪತ್ತೆಯಾಗಲಿಲ್ಲ. ದೇಹ ಸಿಗದವರ ಹೆಸರುಗಳು ಒಂದು ಗೋಡೆಯ ಮೇಲಿವೆ: 1,557. ಅಣ್ಣತಮ್ಮಂದಿರ ಜೋಡಿ 45.

ಆ ಜೋಡಿಗಳಲ್ಲಿ ಒಂದು ಟೆಡ್ ಮತ್ತು ಕ್ವೆಂಟಿನ್. ಬಿದ್ದಲ್ಲೇ ಇರಲಿ ಎಂದು 1918ರಲ್ಲಿ ಬಿಟ್ಟಿದ್ದ ತಮ್ಮನ ದೇಹವನ್ನು 1955ರಲ್ಲಿ ತಂದು ಅಣ್ಣನ ಪಕ್ಕದಲ್ಲಿ ಇಟ್ಟರು. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕನೆಂದು ಆ ಇಡೀ ಸ್ಮಶಾನದಲ್ಲಿ ಇರುವವನು ಅವನೊಬ್ಬನೇ. ಕಲ್ಲಿನ ಮೇಲೆ ಅವನ ಹೆಸರು, ಅವನ ಪಡೆ, ಜುಲೈ 14, 1918 ಎಂಬ ದಿನಾಂಕ. ಎಡಕ್ಕೂ ಬಲಕ್ಕೂ ಹಿಂದಕ್ಕೂ ಹರಡಿದ ಕಲ್ಲುಗಳ ಮೇಲೆಲ್ಲ 1944.